ಮೀಸೆ ತೆಗೆಸಿದ ಬುಧವಾರ

ಷೋರೂಮಿನ ಗೇಟು ಇನ್ನೂ ಇನ್ನೂರು ಗಜ ದೂರವಿರುವಾಗಲೇ ಮಹದೇವು ಸ್ಕೂಟರನ್ನು ಹೊಂಗೆ ಮರದ ಕೆಳಗೆ ನಿಲ್ಲಿಸಿ, ಹೆಲ್ಮೆಟ್ ತೆಗೆದು, ಕನ್ನಡಿಯನ್ನು ತನ್ನ ಕಡೆ ತಿರುಗಿಸಿಕೊಂಡು ಮತ್ತೊಮ್ಮೆ ನೋಡಿದ. ಮೂಗಿನ ಕೆಳಗೆ ಏನೂ ಇರಲಿಲ್ಲ. ಇರುವುದಿಲ್ಲವೆಂದು ಗೊತ್ತಿದ್ದೇ ನೋಡಿದ್ದು. ಆದರೂ ಎದೆ ಧಸಕ್ಕೆಂದಿತು. ಐವತ್ತೆರಡು ವರ್ಷದ ಕಪ್ಪು ಮುಖದ ನಡುವೆ, ಮೂವತ್ತು ವರ್ಷ ಬಿಸಿಲು ಕಾಣದ ಒಂದು ಪಟ್ಟಿ ಚರ್ಮ, ಗೋಡೆಯಿಂದ ಹಳೇ ಕ್ಯಾಲೆಂಡರ್ ಕಿತ್ತ ಜಾಗದ ಹಾಗೆ ಬೆಳ್ಳಗೆ ಎದ್ದು ಕಾಣುತ್ತಿತ್ತು. ತನ್ನ ಮೇಲ್ತುಟಿ ಇಷ್ಟು ಉದ್ದವಿದೆಯೆಂದು ಇದುವರೆಗೆ ಯಾರೂ ಹೇಳಿರಲಿಲ್ಲ; ಹೇಳುವುದಕ್ಕೆ ಯಾರಾದರೂ ನೋಡಿದ್ದರೆ ತಾನೆ? ಕಟ್ಟಿಕೊಂಡ ಹೆಂಡತಿ ಸುಚಿತ್ರಾ ಕೂಡ ನೋಡಿರಲಿಲ್ಲ. ನಕ್ಕು ನೋಡಿದ. ಕನ್ನಡಿಯಲ್ಲಿದ್ದವನು ಮದುವೆ ಮನೆಯಲ್ಲಿ ಮೂರನೇ ಪಂಕ್ತಿಗೂ ಜಾಗ ಸಿಗದವನ ಹಾಗೆ ಹಲ್ಲು ಕಿರಿದ. ಗಂಭೀರನಾಗಿ ನೋಡಿದ, ಅದು ಇನ್ನೂ ಕೆಟ್ಟದಾಗಿತ್ತು. ಹುಣಸೂರು ರಸ್ತೆಯಲ್ಲಿ ಬಸ್ಸುಗಳು ಎಬ್ಬಿಸಿದ ಗಾಳಿ ಬೇರೆಲ್ಲೂ ಹೋಗದೆ ನೇರವಾಗಿ ಬಂದು ಆ ಪಟ್ಟಿಯ ಮೇಲೆ ಕೂರುತ್ತಿದೆ ಅನ್ನಿಸಿತು. ಒಂಬತ್ತೂವರೆಯೊಳಗೆ ಹಾಜರಿ ಹಾಕಬೇಕಿತ್ತು. ಹೆಲ್ಮೆಟ್ ಹಾಕಿಕೊಂಡು ಹೊರಟ.

ಅವರ ಕಡೆ ಗಂಡಸು ಮೀಸೆಗೆ ಕತ್ತಿ ಇಡಿಸುವುದು ಬದುಕಿನಲ್ಲಿ ಎರಡೇ ಸಲ: ಹೆತ್ತಪ್ಪ ಹೋದಾಗ, ಹೆತ್ತವ್ವ ಹೋದಾಗ. ಮಹದೇವುವಿನ ಅಪ್ಪ ಜವರಯ್ಯ ಎಂಬತ್ತಾದರೂ ಹಿನಕಲ್‌ನ ಮನೆಯ ಜಗಲಿಯ ಮೇಲೆ ಗುಂಡುಕಲ್ಲಿನ ಹಾಗೆ ಕೂತಿದ್ದ. ಅವ್ವ ಬೋರಮ್ಮ ಸೋಮವಾರ ತಾನೇ ಕಣ್ಣಿನ ಪೊರೆ ತೆಗೆಸಿಕೊಂಡು, ಬೋಗಾದಿಯಲ್ಲಿ ಮಗಳ ಮನೆಯಲ್ಲಿ ಹಸಿರು ಪಟ್ಟಿ ಕಟ್ಟಿಕೊಂಡು, ಕಾಣುವ ಒಂದು ಕಣ್ಣಿನಿಂದಲೇ ಎಲ್ಲರನ್ನೂ ಬಯ್ಯುತ್ತಿದ್ದಳು. ಅವಳನ್ನು ನೋಡಿಕೊಳ್ಳಲು ಸುಚಿತ್ರಾಳೂ ಅಲ್ಲೇ ಇದ್ದಳು. ಹೀಗೆ ಇಬ್ಬರೂ ಕ್ಷೇಮವಾಗಿರುವಾಗ ಮೀಸೆ ತೆಗೆಸುವುದೆಂದರೆ ಅವರ ಸಾವನ್ನು ಮುಂಗಡವಾಗಿ ಬರೆಸಿಟ್ಟ ಹಾಗೆ. ಊರಿನ ಕ್ಷೌರದ ಅಂಗಡಿಯ ಅಶೋಕ ಭಾನುವಾರ ಅದನ್ನೇ ಹೇಳಿದ್ದ. ಮಹದೇವು ಮೆಲ್ಲಗೆ, ‘ಪೂರ್ತಿ ತೆಗ್ದುಬುಟ್ರೆ ಎಂಗೆ ಕಾಣ್ಬೋದು’ ಎಂದು ಕೇಳಿದ್ದೇ ತಡ, ಅಶೋಕ ಕತ್ತರಿಯನ್ನು ಕೆಳಗಿಟ್ಟು, ‘ಅಪ್ಪಾರು ಎಂಗವ್ರೆ?’ ಅಂದ. ‘ಚೆನ್ನಾಗವ್ರೆ.’ ‘ಅಂಗಂದ್ಮೇಲೆ ಆ ಮಾತು ಆಡ್ಬ್ಯಾಡಿ ಕಣಣ್ಣ. ನಾನು ಅವ್ರ ಮೊಕ ಎಂಗೆ ನೋಡ್ಲಿ?’ ಅಂತ ಕೆನ್ನೆಗಷ್ಟೇ ಸೋಪು ಹಚ್ಚಿದ್ದ. ಅದಕ್ಕೇ ಮಹದೇವು ವಿಜಯನಗರದಲ್ಲಿ ಹೊಸದಾಗಿ ತೆರೆದಿದ್ದ, ಹೊರಗಿನಿಂದ ಆಸ್ಪತ್ರೆಯಂತೆ ಕಾಣುವ ಗಂಡಸರ ಸಲೂನಿಗೆ ಹೋದದ್ದು. ಅಲ್ಲಿ ಯಾರಿಗೂ ಯಾರ ಅಪ್ಪನೂ ಗೊತ್ತಿಲ್ಲ. ಅದೂ ಮಂಗಳವಾರ ವಾರದ ರಜೆ ಇದ್ದರೂ, ಮಂಗಳವಾರ ಕತ್ತಿ ಇಡಿಸಬಾರದೆಂದು ಬುಧವಾರದವರೆಗೆ ಕಾದು ಹೋಗಿದ್ದ. ದೊಡ್ಡ ಶಾಸ್ತ್ರ ಮುರಿಯಲು ಹೊರಟವನು ಸಣ್ಣ ಶಾಸ್ತ್ರವನ್ನು ಕಣ್ಣಿಗೊತ್ತಿಕೊಂಡು ಪಾಲಿಸಿದ್ದ. ಯಂತ್ರ ನಾಲ್ಕು ಸೆಕೆಂಡಿನಲ್ಲಿ ಕೆಲಸ ಮುಗಿಸಿತು. ಏನಾದರೂ ಸದ್ದಾಗುತ್ತದೆ ಅಂದುಕೊಂಡಿದ್ದ, ಏನೂ ಆಗಲಿಲ್ಲ. ಸಲೂನಿನವರು ಸೌತೆಕಾಯಿ ವಾಸನೆಯ ಏನನ್ನೋ ಬಳಿದು, ‘ಅಂಕಲ್, ಹತ್ತು ವರ್ಷ ಕಮ್ಮಿ ಆಯ್ತು ನಿಮ್ದು’ ಎಂದರು. ಹತ್ತು ವರ್ಷ ಕಮ್ಮಿಯಾದರೆ ಅಪ್ಪನಿಗೂ ಹತ್ತು ವರ್ಷ ಕಮ್ಮಿಯಾಗುತ್ತದೆ, ಲೆಕ್ಕ ಸರಿಹೋಗುತ್ತದೆ ಎಂದು ಮಹದೇವು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಇಪ್ಪತ್ತಾರು ವರ್ಷದ ಹಿಂದೆ ಅವನು ಈ ಕಾರಿನ ಷೋರೂಮಿಗೆ ಸೇರಿದಾಗ ಮ್ಯಾನೇಜರಾಗಿದ್ದವರು ವೆಂಕಟಸುಬ್ಬಯ್ಯನವರು. ದಿನಾ ಬೆಳಿಗ್ಗೆ ಬಾಗಿಲಲ್ಲಿ ನಿಂತು ಒಬ್ಬೊಬ್ಬನ ಕೆನ್ನೆಯನ್ನೂ ಬೆರಳಿನ ಹಿಂಬದಿಯಿಂದ ಸವರಿ ಒಳಗೆ ಬಿಡುತ್ತಿದ್ದರು. ಚುಚ್ಚಿದರೆ ವಾಪಸ್ಸು. ‘ಗಡ್ಡ ಬಿಟ್ಟೋನ ಹತ್ರ ಜನ ಕಷ್ಟ ಹೇಳ್ಕೋತಾರೆ ಕಣಯ್ಯಾ, ಕಾರು ತಗೊಳಲ್ಲ’ ಎನ್ನುವುದು ಅವರ ಸಿದ್ಧಾಂತ. ಆಗ ಗಡ್ಡಕ್ಕೆ ಮೂರೇ ಅರ್ಥವಿತ್ತು: ಶಬರಿಮಲೆ, ಪ್ರೇಮಭಂಗ, ನಿರುದ್ಯೋಗ. ಮೀಸೆಯ ಮೇಲೆ ಮಾತ್ರ ಅವರಿಗೆ ಅಪಾರ ಗೌರವ. ಸ್ಪೇರ್ ಪಾರ್ಟ್ಸ್ ಕೌಂಟರಿನ ಗ್ರೀಸಿನ ನಡುವೆ ಇದ್ದ ಮಹದೇವುವನ್ನು ಒಂದು ದಿನ ಕರೆದು, ‘ನಿನ್ನ ಮೀಸೆ ನೋಡಿದ್ರೆ ಗ್ಯಾರಂಟಿ ಕಾರ್ಡೇ ಬೇಡ ಅನ್ಸುತ್ತೆ, ನಾಳೆಯಿಂದ ಬೀಗದಕೈ ನೀನೇ ಕೊಡು’ ಅಂದಿದ್ದರು. ಅಂದಿನಿಂದ ಹೊಸ ಕಾರು ಕೊಂಡವರಿಗೆಲ್ಲ ಕೀ ಕೊಟ್ಟು, ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುವುದು ಮಹದೇವುವಿನ ಕೆಲಸ. ಮೈಸೂರಿನಲ್ಲಿ ಎಷ್ಟು ಮನೆಗಳ ಷೋಕೇಸಿನಲ್ಲಿ ತನ್ನ ಮೀಸೆ ಇದೆಯೆಂದು ಯೋಚಿಸಿ ಅವನು ಒಬ್ಬನೇ ಹಿಗ್ಗಿದ್ದುಂಟು. ಈಗ ಷೋರೂಮಿನ ಹುಡುಗರೆಲ್ಲ ಗಡ್ಡ ಬಿಟ್ಟಿದ್ದಾರೆ. ಮ್ಯಾನೇಜರ್ ದಿಲೀಪನ ಗಡ್ಡ ಸ್ಕೇಲ್ ಇಟ್ಟು ಗೆರೆ ಎಳೆದಂತಿದೆ. ಶೌಚಾಲಯದ ಕನ್ನಡಿಯ ಮುಂದೆ ಕಂಪನಿಯೇ ಗಡ್ಡದ ಎಣ್ಣೆ, ಗಡ್ಡದ ಬಾಚಣಿಗೆ ಇಡಿಸಿದೆ. ಸೋಪು ಮಾತ್ರ ಇಲ್ಲ. ಕಳೆದ ಶುಕ್ರವಾರ ಎಚ್‌ಆರ್‌ಗೆ ಹೊಸದಾಗಿ ಬಂದ ಅನನ್ಯ ಎಲ್ಲರನ್ನೂ ಕೂರಿಸಿ ‘ಗ್ರೂಮಿಂಗ್ ವರ್ಕ್‌ಶಾಪ್’ ಮಾಡಿದಳು. ಪರದೆಯ ಮೇಲೆ ಒಪ್ಪಿಗೆಯಾದ ಮೂರು ಬಗೆಯ ಗಡ್ಡ ಬಂತು, ಉಗುರು ಬಂತು, ಕಿವಿಯ ಕೂದಲು ಬಂತು, ಆಮೇಲೆ ಒಂದು ಮೀಸೆ ಬಂತು. ಮುಖವಿರಲಿಲ್ಲ; ಮೂಗಿನ ತುದಿಯಿಂದ ಗಲ್ಲದವರೆಗೆ ಕತ್ತರಿಸಿದ ಚಿತ್ರ. ಹಲ್ಲುಜ್ಜುವ ಬ್ರಷ್ಷಿನಲ್ಲಿ ಹಚ್ಚಿದ ಬಣ್ಣ ಮೀಸೆಯ ಗಡಿ ದಾಟಿ ಚರ್ಮಕ್ಕೂ ಹತ್ತಿತ್ತು, ಬುಡದಲ್ಲಿ ಬಿಳಿ ಇಣುಕುತ್ತಿತ್ತು. ‘ಇದು ಯಾರೂ ಅಲ್ಲ, ಬರೀ ಎಕ್ಸಾಂಪಲ್. ಇದನ್ನ ನೋಡಿದ್ರೆ ಕಸ್ಟಮರ್‌ಗೆ ಏನನ್ಸುತ್ತೆ?’ ಎಂದು ಅನನ್ಯ ಕೇಳಿದಳು. ಮೂವತ್ತೆರಡು ಜನ ಫ್ಯಾನು ನೋಡಿದರು, ಕಿಟಕಿ ನೋಡಿದರು, ತಮ್ಮ ಬೂಟು ನೋಡಿದರು. ಒಬ್ಬನೂ ಮಹದೇವುವಿನ ಕಡೆ ತಿರುಗಲಿಲ್ಲ. ಎಲ್ಲರಿಗೂ ಗುರುತು ಹತ್ತಿದೆಯೆಂದು ಅವನಿಗೆ ತಿಳಿದದ್ದೇ ಅದರಿಂದ. ಮಾರನೆಯ ದಿನ ದಿಲೀಪ ಹೆಗಲ ಮೇಲೆ ಕೈ ಹಾಕಿ, ‘ಕೀ ಕೊಡೋದಕ್ಕೆ ಬೇರೆ ಯಾರಾದ್ರೂ ಫ್ರೆಶ್ ಫೇಸ್ ನೋಡೋಣ ಅಂತಿದೀವಿ. ನೀವು ಬೋಗಾದಿ ಯಾರ್ಡ್ ನೋಡ್ಕೊಳ್ಳಿ ಸರ್, ಆರಾಮ. ನೆರಳಿದೆ’ ಅಂದ. ಯಾರ್ಡೆಂದರೆ ಮಾರಾಟವಾಗದ ಕಾರುಗಳು ಧೂಳು ಹೊದ್ದು ನಿಂತ ಬಯಲು. ನೆರಳಿದೆ ಎಂದ ಆ ಮಾತು ಮೂರು ದಿನ ಮಹದೇವುವಿನ ಕಿವಿಯಿಂದ ಹೋಗಲಿಲ್ಲ.

ಗೇಟಿನಲ್ಲಿ ಸೆಕ್ಯುರಿಟಿಯ ಅಶ್ವತ್ಥ ನಿಂತಿದ್ದ. ನಂಜನಗೂಡಿನ ಕಡೆಯವನು, ಮಹದೇವುವಿನ ವಯಸ್ಸಿನವನೇ. ದಿನದಂತೆ ಸೆಲ್ಯೂಟ್ ಹೊಡೆಯಲು ಎತ್ತಿದ ಅವನ ಕೈ ಹೆಲ್ಮೆಟ್ ತೆಗೆದ ಮುಖ ಕಂಡು ಅರ್ಧಕ್ಕೇ ನಿಂತಿತು. ಟೋಪಿ ತೆಗೆದು ಎದೆಗೆ ಹಿಡಿದುಕೊಂಡು, ತಗ್ಗಿದ ದನಿಯಲ್ಲಿ ಕೇಳಿದ:

‘ಯಾವಾಗಾಯ್ತು ಸಾ?’

ಏನು ಯಾವಾಗಾಯಿತೆಂದು ತಿಳಿಯಲು ಮಹದೇವುವಿಗೆ ಒಂದು ಗಳಿಗೆ ಬೇಕಾಯಿತು. ತಿಳಿದ ಮೇಲೆ ಇನ್ನೊಂದು ಗಳಿಗೆ ಸಿಕ್ಕಿತು, ಆ ಗಳಿಗೆಯಲ್ಲಿ ನಿಜ ಹೇಳಬಹುದಿತ್ತು. ಏನೆಂದು ಹೇಳುವುದು? ಯಾರೂ ಹೋಗಿಲ್ಲ ಮಾರಾಯ, ಆ ಹುಡುಗಿ ಪರದೆಯ ಮೇಲೆ ತೋರಿಸಿದ ಮೀಸೆ ನಂದೇ, ಹೆದರಿ ತೆಗೆಸಿಕೊಂಡು ಬಂದೆ ಎಂದು? ಅಪ್ಪ ಬದುಕಿರುವಾಗಲೇ ಕೆಲಸ ಉಳಿಸಿಕೊಳ್ಳಲು ಮೀಸೆ ಬೋಳಿಸಿದವನು ಎಂದು ನಂಜನಗೂಡಿನವರೆಗೂ ಸುದ್ದಿಯಾಗುತ್ತಿತ್ತು. ಮಹದೇವು ತಲೆ ತಗ್ಗಿಸಿದ. ಮಾಡಿದ್ದು ಅಷ್ಟೇ. ಸುಳ್ಳು ಹೇಳಲಿಲ್ಲ, ಬಾಯನ್ನೇ ತೆರೆಯಲಿಲ್ಲ. ಈ ವಾದವನ್ನು ಆ ದಿನ ಅವನು ತನ್ನ ಮುಂದೆ ತಾನೇ ಹತ್ತಾರು ಸಲ ಮಂಡಿಸಿ, ಪ್ರತಿ ಸಲವೂ ಸೋತ. ಅಶ್ವತ್ಥನಿಗೆ ಉತ್ತರವೂ ಬೇಕಿರಲಿಲ್ಲ. ‘ಸೋಮವಾರ ದಿಢೀರ್ ಅಂತ ರಜಾ ಹಾಕಿದ್ರಲ್ಲ, ಆಗ್ಲೇ ನನ್ ಮನ್ಸು ಏನೋ ಅಂದ್ಕತು ಸಾ. ವಯಸ್ಸಾಗಿತ್ತಲ್ವಾ, ಯಾರ ಕೈಲೂ ಮಾಡಿಸ್ಕಳ್ದೆ ಹೋದ್ರಲ್ಲ, ಪುಣ್ಯವಂತ್ರು ಬುಡಿ. ತಲೆ ಬೋಳಿಸ್ಲಿಲ್ವಾ?’ ಎಂದು ಕೇಳಿ, ‘ಈಗ್ಯಾರು ಬೋಳಿಸ್ತಾರೆ, ಆಫೀಸ್ಗೆ ಬರ್ಬೇಕಲ್ಲ’ ಎಂದು ತಾನೇ ಹೇಳಿಕೊಂಡ. ಮಹದೇವು ಒಳಗೆ ಹೋದ. ಹಾಜರಿಯ ಯಂತ್ರ ಅವನ ಮುಖವನ್ನು ಒಪ್ಪದೆ ಕೆಂಪು ದೀಪ ಹೊತ್ತಿಸಿತು. ಮೂರು ಸಲ ಮುಖ ಒಡ್ಡಿದ ಮೇಲೆ ಕೈಬರಹದ ಪುಸ್ತಕದಲ್ಲಿ ಸಹಿ ಹಾಕಿದ.

ಹತ್ತು ನಲವತ್ತರ ಮುಹೂರ್ತಕ್ಕೆ ವಿಜಯನಗರದ ದಾಕ್ಷಾಯಣಮ್ಮನವರ ಕಾರಿತ್ತು. ನಿವೃತ್ತ ಹೆಡ್‌ಮಿಸ್ಟ್ರೆಸ್ಸು. ಗಂಡ, ಸೊಸೆ, ನಿಂಬೆಹಣ್ಣು, ಅರಿಶಿನ ಕುಂಕುಮ, ತೆಂಗಿನಕಾಯಿ ಎಲ್ಲವನ್ನೂ ಹೊರಡಿಸಿಕೊಂಡು ಬಂದಿದ್ದರು. ಕೆಂಪು ರೇಷ್ಮೆಯ ಮುಸುಕು ಹೊದ್ದ ಕಾರಿನ ಪಕ್ಕದಲ್ಲಿ ಮಹದೇವು ರಟ್ಟಿನ ದೊಡ್ಡ ಕೀ ಹಿಡಿದು, ಹತ್ತು ವರ್ಷ ಕಮ್ಮಿಯಾದ ಮುಖವನ್ನು ಕ್ಯಾಮೆರಾದ ಬೆಳಕಿಗೆ ಒಡ್ಡಿ ನಿಂತ. ಈ ಫೋಟೋಕ್ಕಾಗಿ ತಾನೆ ಇಷ್ಟೆಲ್ಲ? ಇದೊಂದು ಚೆನ್ನಾಗಿ ಬಂದರೆ ದಿಲೀಪ ಯಾರ್ಡಿನ ಮಾತೆತ್ತುವುದಿಲ್ಲ. ದಾಕ್ಷಾಯಣಮ್ಮ ಕೈ ಮುಂದೆ ಚಾಚಿದವರು ಅವನ ಮುಖ ನೋಡಿ ಕೈ ಹಿಂದಕ್ಕೆ ತೆಗೆದುಕೊಂಡರು. ಅವರ ಕಣ್ಣಲ್ಲಿ ನಿಜವಾದ ಕನಿಕರವಿತ್ತು.

‘ಎಷ್ಟು ದಿನ ಆಯ್ತಪ್ಪ?’

‘ಮೇಡಂ, ಅದು ಹಾಗಲ್ಲ, ನಮ್ಮ ತಂದೆ...’

‘ಹೇಳ್ಬೇಡಿ, ಹೇಳ್ಬೇಡಿ. ಶುಭ ಕಾರ್ಯದ ಹೊತ್ತು, ಆ ಮಾತು ಇಲ್ಲಿ ಬೇಡ. ನೋಡಿ ಇವ್ರೇ, ತಪ್ಪು ತಿಳ್ಕೋಬೇಡಿ. ಸೂತಕ ಗೀತಕ ಅಂತ ನಾನು ನಂಬೋದಿಲ್ಲ, ನಮ್ಮ ಯಜಮಾನ್ರು ನಂಬ್ತಾರೆ.’

ಯಜಮಾನರು ಏನೆಂದು ತಿಳಿಯದೆ ತಲೆಯಾಡಿಸಿದರು. ಮಹದೇವು ಆಗ ನಿಜ ಹೇಳಲು ಹೊರಟಿದ್ದ, ದೇವರಾಣೆ ಹೊರಟಿದ್ದ, ಅವರು ಬಿಡಲಿಲ್ಲ. ರಟ್ಟಿನ ಕೀ ಅವನ ಕೈಯಿಂದ ಸೇಲ್ಸಿನ ಹರೀಶನ ಕೈಗೆ ಹೋಯಿತು. ಹರೀಶನ ಗಡ್ಡ ಪಟ್ಟಿಯ ಎರಡನೇ ಬಗೆಯದು, ಎಣ್ಣೆ ಹಚ್ಚಿ ಮಿರಮಿರ ಮಿಂಚುತ್ತಿತ್ತು. ವೆಂಕಟಸುಬ್ಬಯ್ಯನವರಿದ್ದಿದ್ದರೆ ಅವನನ್ನು ರಸ್ತೆಗೇ ಕಳಿಸುತ್ತಿದ್ದರು. ಮುಸುಕು ಸರಿಯಿತು, ಬಣ್ಣದ ಕಾಗದದ ಚೂರು ಹಾರಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ಹದಿನೈದು ಅಡಿ ದೂರದಲ್ಲಿ ಗಾಜಿನ ಹಿಂದೆ ನಿಂತ ಮಹದೇವುವೂ ಚಪ್ಪಾಳೆ ತಟ್ಟಿದ. ಫೋಟೋದಲ್ಲಿ ನಿಲ್ಲಲು ಮೀಸೆ ತೆಗೆಸಿ, ಮೀಸೆ ತೆಗೆಸಿದ್ದಕ್ಕೇ ಫೋಟೋದಿಂದ ಹೊರಗಾದ ಅವಮಾನಕ್ಕೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಅತ್ತರೆ ಸಂದರ್ಭಕ್ಕೆ ಸರಿಹೋಗುತ್ತಿತ್ತು, ಅಳು ಬರಲಿಲ್ಲ.

ಹನ್ನೊಂದು ಗಂಟೆಯ ಹೊತ್ತಿಗೆ ಷೋರೂಮಿನ ವಾಟ್ಸಾಪ್ ಗುಂಪಿನಲ್ಲಿ ಉರಿಯುವ ದೀಪದ ಚಿತ್ರ ಬಂತು. ಕೆಳಗೆ ದಿಲೀಪನ ಒಕ್ಕಣೆ: ನಮ್ಮ ಮಹದೇವು ಸರ್ ಅವರ ತಂದೆಯವರು ದೈವಾಧೀನರಾಗಿದ್ದಾರೆ, ಇಂಥ ದುಃಖದಲ್ಲೂ ಮೂರನೇ ದಿನಕ್ಕೇ ಕರ್ತವ್ಯಕ್ಕೆ ಹಾಜರಾಗಿ ಅವರು ನಮಗೆಲ್ಲ ಮಾದರಿಯಾಗಿದ್ದಾರೆ. ಅದರ ಕೆಳಗೆ ಮುಗಿದ ಕೈಗಳ ಸಾಲು. ಯಾರೋ ಒಬ್ಬ ಅವಸರದಲ್ಲಿ ಹೆಬ್ಬೆರಳು ಎತ್ತಿ, ಅಳಿಸಿ, ಕೈ ಮುಗಿದಿದ್ದ. ಬಂದವರೆಲ್ಲ ಮಹದೇವುವಿನ ಕೈ ಹಿಡಿದು ತಮ್ಮ ತಮ್ಮ ಅಪ್ಪಂದಿರ ಸಾವನ್ನು ಹೇಳಿಕೊಂಡರು. ವರ್ಷಗಟ್ಟಲೆ ಅವನ ಹತ್ತಿರ ಮಾತಾಡದಿದ್ದ ಅಕೌಂಟ್ಸಿನವನು ತನ್ನ ಊಟದ ಡಬ್ಬಿಯಿಂದ ಮೊಸರನ್ನ ತಂದಿಟ್ಟ. ಇಪ್ಪತ್ತಾರು ವರ್ಷದಲ್ಲಿ ಸಿಗದ ಪ್ರೀತಿ ಎರಡು ಗಂಟೆಯಲ್ಲಿ ಸಿಕ್ಕಿತು. ಮಹದೇವುವಿಗೆ ಹೇಸಿಗೆಯಾಯಿತು; ಅದರ ಜೊತೆಗೇ, ಹೇಳಿಕೊಳ್ಳಲು ನಾಚಿಕೆಯಾಗುವಂಥ ಸುಖವೂ ಆಯಿತು. ಅಪ್ಪ ಸತ್ತಿದ್ದರೆ ಹೀಗೇ ಇರುತ್ತಿತ್ತಲ್ಲ ಎಂದು ಒಂದು ಕ್ಷಣ ಅನ್ನಿಸಿ, ಮೊಸರನ್ನವನ್ನು ಪಕ್ಕಕ್ಕೆ ಸರಿಸಿದ.

ಅನನ್ಯ ತನ್ನ ಕೋಣೆಗೆ ಕರೆದಳು. ಅವಳ ಕಣ್ಣು ಕೆಂಪಾಗಿತ್ತು. ಮಗಳ ವಯಸ್ಸಿನ ಹುಡುಗಿ, ಎದ್ದು ನಿಂತು ಕುರ್ಚಿ ಎಳೆದು ಕೊಟ್ಟಳು.

‘ಸಾರಿ ಸರ್. ನಿಮ್ಮ ತಂದೆ ಆಸ್ಪತ್ರೇಲಿ ಅಷ್ಟು ಸೀರಿಯಸ್ ಇದ್ದಾಗ ನಾನು ಆ ಫೋಟೋ ಹಾಕ್ದೆ. ನಿದ್ದೆ ಬರಲ್ಲ ಇನ್ನು ನನಗೆ.’

‘ಆಸ್ಪತ್ರೆ... ಯಾರು ಹೇಳಿದ್ರು ಮೇಡಂ?’

‘ಅಶ್ವತ್ಥ ಹೇಳಿದ್ರು. ಹಾರ್ಟ್ ಅಂತೆ.’

ಷೋರೂಮಿನವರು ಕನಿಕರದಿಂದ ಅವನ ಅಪ್ಪನಿಗೆ ಕಾಯಿಲೆಯನ್ನೂ ಹೊಂದಿಸಿಕೊಟ್ಟಿದ್ದರು. ಅನನ್ಯ ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದಳು. ಸಾಂಸ್ಕೃತಿಕ ವಿನಾಯಿತಿ ಎಂಬ ಹೊಸ ಅರ್ಜಿಯನ್ನು ಬೆಳಗಿನಿಂದ ಕೂತು ತಯಾರಿಸಿದ್ದಳು. ಮೀಸೆ ಮತ್ತೆ ಬೆಳೆದ ಮೇಲೆ ಅದನ್ನು ಯಾವ ಆಕಾರದಲ್ಲಾದರೂ, ಯಾವ ಬಣ್ಣದಲ್ಲಾದರೂ ಇಟ್ಟುಕೊಳ್ಳುವ ಹಕ್ಕು ಮಹದೇವುವಿಗೆ ಇರುತ್ತದೆ, ಯಾರ್ಡಿಗೂ ಹೋಗಬೇಕಿಲ್ಲ. ‘ಮೃತರ ಹೆಸರು?’ ಎಂದು ಕೇಳಿದಳು. ಮಹದೇವುವಿಗೆ ಹಳೆಯದೊಂದು ದಿನ ನೆನಪಾಯಿತು. ಅಜ್ಜ ತೀರಿಕೊಂಡಾಗ ಅವನಿಗೆ ಆರೋ ಏಳೋ ವರ್ಷ. ಹೊಳೆಯಿಂದ ಒದ್ದೆ ಪಂಚೆಯಲ್ಲಿ ಬಂದ ಬೋಳು ಮುಖದ ಗಂಡಸನ್ನು ನೋಡಿ, ಯಾರೋ ಕಳ್ಳ ಬಂದನೆಂದು ಬೋರಮ್ಮನ ಸೆರಗಿನೊಳಗೆ ನುಗ್ಗಿ ಕಿರುಚಿದ್ದ. ಆ ಗಂಡಸು ಕುಕ್ಕರಗಾಲಲ್ಲಿ ಕೂತು, ‘ನಾನೇ ಕಣೋ ಮಗ, ಮೀಸೇನ ನಮ್ಮಪ್ಪಂಗೆ ಕೊಟ್ಬುಟ್ಟೆ’ ಎಂದು ನಕ್ಕು, ನಗುತ್ತಲೇ ಅತ್ತಿದ್ದ. ಅಪ್ಪನಿಗೆ ಕೊಡುವಂಥದ್ದು ಅದು ಎಂದು ಆವತ್ತಿನಿಂದ ತಿಳಿದಿತ್ತು. ತಾನು ಅದನ್ನು ಯಾರಿಗೆ ಕೊಟ್ಟ? ಸಲೂನಿನವರು ಗುಡಿಸಿ ಬುಟ್ಟಿಗೆ ಹಾಕಿದರು. ‘ಹೆಸರು ಸರ್?’ ‘ಜವರಯ್ಯ’ ಎಂದ ಮಹದೇವು. ಅವಳು ಹೆಸರಿನ ಹಿಂದೆ ಲೇಟ್ ಎಂದು ಸೇರಿಸಿ, ಕಾಗದ ಹೊರಗೆ ತೆಗೆದು, ಪೆನ್ನು ಕೊಟ್ಟಳು. ಬೆಳಿಗ್ಗೆ ತಲೆ ತಗ್ಗಿಸಿದ್ದ ಅಷ್ಟೇ. ಈಗ ಸಹಿ ಹಾಕಿದ. ಅದು ಗೆರೆ ಬಿಟ್ಟು ಸೊಟ್ಟಗಾಯಿತು. ದುಃಖವೆಂದುಕೊಂಡು ಅವಳು ನೀರಿನ ಲೋಟ ಮುಂದಿಟ್ಟಳು.

ಬಾಗಿಲಲ್ಲಿ ದಿಲೀಪ ನಿಂತಿದ್ದ. ‘ನೀವು ಮನೆಗೆ ಹೋಗಿ ಸರ್, ರೆಸ್ಟ್ ಮಾಡಿ. ನಾಲ್ಕು ಗಂಟೆಗೆ ನಾವು ಹಿನಕಲ್‌ಗೆ ಬರ್ತೀವಿ.’

‘ಬೇಡ ಸರ್, ಯಾಕೆ ಸುಮ್ನೆ ತೊಂದ್ರೆ?’

‘ತೊಂದ್ರೆ ಏನು ಬಂತು? ನಮ್ಮ ಕಂಪನಿ ಕಲ್ಚರ್ ಅದು. ಅಡ್ರೆಸ್ ಅಶ್ವತ್ಥಂಗೆ ಗೊತ್ತು.’

ಆಗಲೇ ಎರಡೂವರೆ; ಅಲ್ಲಿಂದ ಮುಂದಿನ ಒಂದು ಗಂಟೆಯನ್ನು ಮಹದೇವು ಹೇಗೆ ಕಳೆದನೋ ಅವನಿಗೇ ಗೊತ್ತಿಲ್ಲ. ಅಪ್ಪನನ್ನು ಮನೆಯಲ್ಲಿ ಇರಗೊಡಬಾರದು, ಅದೊಂದೇ ಈಗ ಆಗಬೇಕಾದದ್ದು. ಬೋಗಾದಿಗೆ ಕಳಿಸಿಬಿಟ್ಟರೆ ಖಾಲಿ ಮನೆಯ ಜಗಲಿಯ ಮೇಲೆ ಚಾಪೆ ಹಾಸಿ, ಬಂದವರ ಹಣ್ಣು ಇಸಕೊಂಡು, ಎರಡು ಮಾತಾಡಿ ಕಳಿಸಬಹುದು. ಉಳಿದದ್ದನ್ನು ಆಮೇಲೆ ನೋಡಿದರಾಯಿತು. ಔಷಧಿ ಅಂಗಡಿಯಲ್ಲಿ ಮಾಸ್ಕ್ ಕೊಂಡು ಮೂಗಿನವರೆಗೆ ಎಳೆದುಕೊಂಡ. ವೃತ್ತದಲ್ಲಿ ಒಂದು ಆಟೋ ಗೊತ್ತು ಮಾಡಿ ಸ್ಕೂಟರಿನ ಹಿಂದೆ ಬರಹೇಳಿದ. ಹಿನಕಲ್‌ನ ಹಳೇ ಬೀದಿಯಲ್ಲಿ ಮೂರಂತಸ್ತಿನ ಪೀಜಿಗಳ ನಡುವೆ ಉಳಿದಿದ್ದ ಹೆಂಚಿನ ಮನೆಯ ಮುಂದೆ ಜವರಯ್ಯ ಮೊರ ತೊಡೆಯ ಮೇಲಿಟ್ಟುಕೊಂಡು ಹುರುಳಿಕಾಳು ಆರಿಸುತ್ತಿದ್ದ. ಅವನ ಬಿಳಿಯ ಮೀಸೆ, ಯಾವ ಬಣ್ಣದ ಹಂಗೂ ಇಲ್ಲದೆ, ಎರಡು ಕಡೆಯೂ ಮೇಲಕ್ಕೆ ತಿರುಗಿತ್ತು.

‘ಅಪ್ಪ, ಎದ್ದೇಳು. ಆಟೋ ತಂದಿವ್ನಿ. ಬೋಗಾದಿಗೋಗಿ ಅವ್ವನ್ನ ನೋಡ್ಕಂಡು ಬಾ.’

‘ಇದೇನ್ಲಾ ಹೊತ್ತಲ್ಲದ ಹೊತ್ನಲ್ಲಿ ಬಂದ್ಬುಟ್ಟೆ? ನಾಳೀಕೆ ಓಯ್ತೀನಿ ಬುಡು. ಅಲ್ಲೋದ್ರೆ ನಿಮ್ಮವ್ವ ಬಯ್ಯಕ್ಕೆ ಸುರು ಮಾಡ್ತಳೆ.’

‘ನಾಳೆ ಬ್ಯಾಡ, ಈಗ್ಲೇ ಹೊಂಡು. ತಡ ಮಾಡ್ಬ್ಯಾಡ ಕಣಪ್ಪ.’

ಕಾಳಿನಲ್ಲಿ ಆಡುತ್ತಿದ್ದ ಜವರಯ್ಯನ ಬೆರಳು ನಿಂತಿತು. ‘ಮೊಕಕ್ಕೆ ಯಾಕ್ಲಾ ಬಟ್ಟೆ ಕಟ್ಟಿದ್ದೀಯೆ?’

‘ಧೂಳು.’

‘ತಗಿ.’

‘ಅಪ್ಪ, ಆಟೋ ಕಾಯ್ತಾ...’

‘ತಗೀಲಾ.’

ಐವತ್ತೆರಡು ವರ್ಷದವನ ಕೈ ಆ ದನಿಗೆ ತಾನಾಗಿಯೇ ಮೇಲೆದ್ದು ಮಾಸ್ಕನ್ನು ಕೆಳಕ್ಕೆಳೆಯಿತು. ಜವರಯ್ಯ ನೋಡಿದ. ಮೊರ ತೊಡೆಯಿಂದ ಜಾರಿ ಹುರುಳಿಯೆಲ್ಲ ಜಗಲಿಯ ಮೇಲೆ ಚೆಲ್ಲಿತು. ‘ಬೋರೀ...’ ಎಂದ. ಎರಡನೇ ಸಲ ಕೂಗಿದಾಗ ದನಿ ಒಡೆದು ಹೋಗಿತ್ತು. ‘ಕಣ್ಣು ಅಂದ್ರಲ್ಲೋ. ಬರೀ ಕಣ್ಣು ಅಂದ್ರಲ್ಲೋ ಎಲ್ಲಾರೂ. ನಾನು ಓಗಿ ನೋಡ್ನಿಲ್ವಲ್ಲೋ ಮಾದೇವ.’ ಅರವತ್ತು ವರ್ಷ ಹೆಂಡತಿಯನ್ನು ಬಯ್ಯದೆ ಕರೆದವನಲ್ಲ; ಈಗ ಎದೆ ಎದೆ ಬಡಿದುಕೊಂಡು ಮಗುವಿನ ಹಾಗೆ ಅಳುತ್ತಿದ್ದ. ಮಹದೇವುವಿಗೆ ಆಗ ಹೊಳೆಯಿತು. ಅವ್ವನ ಸಾವನ್ನು ತಾನೇ ಮುಖದ ಮೇಲೆ ಬರೆದುಕೊಂಡು ಬಂದು ಅಪ್ಪನ ಮುಂದೆ ಹಿಡಿದಿದ್ದ, ಮೇಲೆ ಆಟೋ ಬೇರೆ. ‘ಇಲ್ಲ ಕಣಪ್ಪ, ಅವ್ವ ಚೆನ್ನಾಗವ್ಳೆ, ಅವ್ವಂಗೆ ಏನೂ ಆಗಿಲ್ಲ’ ಎಂದು ಕಾಲು ಹಿಡಿದ. ‘ಮೀಸೆ ತಗ್ಸಿ ಸುಳ್ಳು ಯೋಳ್ತೀಯಲ್ಲೋ’ ಎಂದು ಜವರಯ್ಯ ಒದರಿಕೊಂಡ. ಮಹದೇವು ಬೋಗಾದಿಗೆ ಫೋನು ಹಚ್ಚಿ ಸ್ಪೀಕರ್ ಹಾಕಿದ. ಬೋರಮ್ಮನ ದನಿ ಬೀದಿಯ ಕೊನೆಗೆ ಕೇಳುವಷ್ಟು ಗಟ್ಟಿಯಾಗಿತ್ತು: ‘ಏನಂತೆ ಆ ಮುದುಕಂಗೆ? ಗೊಜ್ಜು ಮಾಡಿ ಮಡಗಿದ್ನಲ್ಲ, ಉಂಡ್ನಂತಾ ಇಲ್ವಂತಾ?’ ಜವರಯ್ಯ ಟವೆಲಿನಿಂದ ಮೂಗು ಒರೆಸಿಕೊಂಡು, ‘ಉಂಡೆ ಕಣಮ್ಮಿ’ ಎಂದ. ಫೋನು ಇಟ್ಟ ಮೇಲೂ ಬಹಳ ಹೊತ್ತು ಅವನ ಎದೆ ಏರಿಳಿಯುತ್ತಿತ್ತು. ಆಮೇಲೆ ಮಗನ ಮುಖ ನೋಡಿ ಕೇಳಿದ: ‘ಅವ್ಳೂ ಅವ್ಳೆ, ನಾನೂ ಇವ್ನಿ. ಮತ್ಯಾರಿಗ್ಲಾ ತಗ್ಸಿದ್ದು?’

ಮಹದೇವು ಬಾಯಿ ತೆರೆಯುವಷ್ಟರಲ್ಲಿ ಬೀದಿಗೆ ಷೋರೂಮಿನ ಬಿಳಿ ಕಾರು ಬಂದು ನಿಂತಿತು. ಬಾಗಿಲ ಮೇಲೆ ‘ಇಂದೇ ಓಡಿಸಿ ನೋಡಿ’ ಎಂದು ಬರೆದಿತ್ತು. ನಾಲ್ಕಕ್ಕೆ ಇನ್ನೂ ಇಪ್ಪತ್ತು ನಿಮಿಷವಿತ್ತು. ದಿಲೀಪ ಎಲ್ಲಿಂದಲೋ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದ, ಸಾವಿನ ಮನೆಗೆ ಒಪ್ಪುವಂತೆ ಗಡ್ಡವನ್ನೂ ಬಾಚಿದ್ದ. ಅನನ್ಯಳ ಕೈಯಲ್ಲಿ ಹಣ್ಣಿನ ಬುಟ್ಟಿ, ಅಶ್ವತ್ಥನ ಕೈಯಲ್ಲಿ ಸುಗಂಧರಾಜದ ಹಾರ. ಜಗಲಿಯ ಮೇಲೆ ಅತ್ತು ಕಣ್ಣು ಊದಿಸಿಕೊಂಡ ಮುದುಕನನ್ನು ಕಂಡು ಅನನ್ಯ ಓಡಿ ಬಂದು ಅವನ ಮುಂದೆ ಮಂಡಿಯೂರಿ ಕೂತಳು.

‘ಇವ್ರು ನಿಮಗೆ ಏನಾಗ್ಬೇಕು ಸರ್?’

ಒಂದು ಮಾತು ಸಾಕಿತ್ತು. ಮಹದೇವು ಅನನ್ಯಳ ಮುಖ ನೋಡಿದ, ದಿಲೀಪನ ಮುಖ ನೋಡಿದ. ಸಹಿ ಹಾಕಿದ ಕಾಗದ ನೆನಪಾಯಿತು, ಯಾರ್ಡಿನ ನೆರಳು ನೆನಪಾಯಿತು, ನಾಳೆ ಗುಂಪಿನಲ್ಲಿ ಬರುವ ನಗು ಕೇಳಿಸಿತು. ಅಪ್ಪನ ಮುಖ ಮಾತ್ರ ನೋಡಲಿಲ್ಲ.

‘ದೊಡ್ಡಪ್ಪ’ ಎಂದ.

ಜವರಯ್ಯ ಕತ್ತೆತ್ತಿದ. ಮಗನನ್ನು ನೋಡಿದ, ಹಾರ ನೋಡಿದ, ಬಿಳಿ ಅಂಗಿ ನೋಡಿದ, ಮತ್ತೆ ಮಗನ ಬೋಳು ತುಟಿ ನೋಡಿದ. ಅವನಿಗೆ ಎಲ್ಲ ತಿಳಿಯಿತು. ತಿಳಿಯುತ್ತಿರುವುದು ಮಹದೇವುವಿಗೆ ಕಾಣಿಸಿತು. ಬೀದಿಯಲ್ಲಿ ನಿಂತು ಕೂಗಾಡುತ್ತಾನೆ, ಕೆರ ತೆಗೆದು ಹೊಡೆಯುತ್ತಾನೆ ಎಂದು ಮಹದೇವು ಮೈ ಹಿಡಿಯಾಗಿಸಿ ಕಾದ. ಹೊಡೆಯಲಿ ಎಂದು ಬೇಡಿಕೊಂಡ. ಜವರಯ್ಯ ಟವೆಲಿನಿಂದ ಮುಖ ಒರೆಸಿಕೊಂಡು ನೆಟ್ಟಗೆ ಕೂತ. ‘ಕೂತ್ಕಳಿ ಕಣವ್ವ. ಚಾಪೆ ಹಾಕ್ಲಾ ಮಾದೇವ, ಸಾಯೇಬ್ರು ನಿಂತವ್ರೆ’ ಎಂದ.

‘ಫೋಟೋ ಎಲ್ಲಿಟ್ಟಿದೀರಿ ಸರ್? ಹಾರ ಹಾಕ್ಬೇಕಿತ್ತು’ ಎಂದ ದಿಲೀಪ. ಮಹದೇವು ಚಾಪೆ ಬಿಡಿಸತೊಡಗಿದ. ಉತ್ತರ ಜಗಲಿಯಿಂದ ಬಂತು. ‘ಕಟ್ಟು ಹಾಕ್ಸಕ್ಕೆ ಕೊಟ್ಟದೆ ಕಣಪ್ಪ. ನಾಳೀಕೆ ಬತ್ತದೆ.’

‘ಹೇಗಾಯ್ತು ಅಜ್ಜ?’ ಅನನ್ಯ ಅವನ ಕೈ ಹಿಡಿದುಕೊಂಡಳು.

‘ಅಂತಾದ್ದೇನಿಲ್ಲ ಕಣವ್ವ. ಚೆನ್ನಾಗೇ ಇದ್ದ. ಇಲ್ಲೇ ಕೂತ್ಕಂಡು ಹುರುಳಿ ಆರಿಸ್ತಿದ್ದ. ಮಗ ಬಂದ. ಮಗನ ಮೊಕ ನೋಡ್ದ. ಅಷ್ಟೇಯ.’

ಅಶ್ವತ್ಥ ಜಗಲಿಯ ಮೇಲೆ ಚೆಲ್ಲಿದ್ದ ಕಾಳನ್ನು ನೋಡಿದ. ಮುದುಕನ ಮೂಗು ನೋಡಿದ, ಮಹದೇವುವಿನ ಮೂಗು ನೋಡಿದ. ಬೆಳಿಗ್ಗೆ ತೆಗೆದಿದ್ದ ಟೋಪಿಯನ್ನು ಈಗ ತಲೆಗೆ ಹಾಕಿಕೊಂಡು, ಹಾರವನ್ನು ಒಂದು ಮೂಲೆಯಲ್ಲಿಟ್ಟು, ಹೋಗಿ ಕಾರಿನ ಪಕ್ಕ ನಿಂತ. ಆಸ್ಪತ್ರೆಯ ಮಾತನ್ನೇ ಮರೆತು ಅನನ್ಯ ಕಣ್ಣೊರೆಸಿಕೊಂಡು, ‘ಮಗನ ಮುಖ ನೋಡಿ ಹೋದ್ರು, ಎಷ್ಟು ಪುಣ್ಯ ಸರ್’ ಎಂದಳು. ಹೊರಡುವಾಗ ದಿಲೀಪ, ‘ಸೋಮವಾರ ಹೋಗಿದ್ದಲ್ವಾ, ಕಾರ್ಯ ಯಾವತ್ತು ಬರುತ್ತೆ?’ ಎಂದು ಕೇಳಿದ. ಜವರಯ್ಯ ಬೆರಳು ಮಡಿಸಿ ಎಣಿಸಿದ. ‘ಬರೋ ವಾರದ ಗುರುವಾರಕ್ಕೆ ಹನ್ನೊಂದು. ಎಲ್ಲಾರೂ ಬರ್ಬೇಕು ಕಣಪ್ಪ. ಊಟಕ್ಕೆ ನಿಲ್ಬೇಕು.’ ಬಂದೇ ಬರುತ್ತೇವೆಂದು ಕೈ ಮುಗಿದು ಅವರು ಹೋದರು. ಕಾಯುತ್ತಿದ್ದ ಆಟೋದವನೂ ಬಯ್ದುಕೊಂಡು ಹೋದ.

ಮಹದೇವು ಜಗಲಿಯ ಕೆಳಗೆ ಕುಸಿದು ಕೂತ. ಬೆಳಗಿನಿಂದ ಬಾರದ ಅಳು ಈಗ ತಡೆಯಲಾರದೆ ಬಂತು. ‘ಅಪ್ಪ’ ಎಂದ. ಜವರಯ್ಯ ಚೆಲ್ಲಿದ ಕಾಳನ್ನು ಒಂದೊಂದಾಗಿ ಆರಿಸಿ ಮೊರಕ್ಕೆ ಹಾಕುತ್ತಿದ್ದ, ತಿರುಗಿ ನೋಡಲಿಲ್ಲ. ‘ಅಪ್ಪ, ಅವ್ರನ್ನ ಯಾಕೆ ಕರ್ದೆ? ಗುರುವಾರ ಬಂದೇ ಬತ್ತಾರೆ. ಏನ್ ಮಾಡನ ಈಗ?’

ಜವರಯ್ಯ ಮೊರ ಎತ್ತಿಕೊಂಡು ಎದ್ದು, ಹೊಸ್ತಿಲ ಮೇಲೆ ನಿಂತ.

‘ನಿಮ್ಮಪ್ಪಂದು ಕಾರ್ಯ, ನೀನೇ ತಾನೇ ಮಾಡ್ಬೇಕು? ಮಾಡು. ನಾನೂ ಬತ್ತೀನಿ. ದೊಡ್ಡಪ್ಪ ಅಲ್ವಾ, ಉಂಡ್ಕಂಡು ಓಯ್ತೀನಿ.’